ಹಿತ್ತಾಳೆ ಪಿನ್ನು

ಸದ್ದು ಕೇಳಿ ಕಾರಣ ಹೇಳುವ ವಿದ್ಯೆ ನಮ್ಮೂರು ಮಂಡೆಕೋಲಿನಲ್ಲಿ ಎಲ್ಲರಿಗೂ ಅಷ್ಟಿಷ್ಟು ಉಂಟು. ರಾತ್ರಿ ತೋಟದಲ್ಲಿ ‘ದೊಪ್’ ಎಂದರೆ ಸೋಗೆ, ‘ಲಟಲಟ’ ಎಂದರೆ ಗಡಿಯಾಚೆಯ ಕಾಡಿನಿಂದ ಬಂದ ಆನೆ. ಮೊದಲನೆಯದಕ್ಕೆ ಮಗ್ಗುಲು ಬದಲಿಸುತ್ತೇವೆ, ಎರಡನೆಯದಕ್ಕೆ ಪಟಾಕಿ ಹುಡುಕುತ್ತೇವೆ. ಈ ಅನುಭವದ ಬಲದಿಂದಲೇ ನಾನು ಅಳಿಯನ ವರ್ಕ್‌ಶಾಪಿನಲ್ಲಿ ಬಾಯಿ ಹಾಕಿದ್ದು.

ಅಡಿಕೆ ಸುಲಿಯುವ ಯಂತ್ರದ ಶಾಫ್ಟಿನಲ್ಲಿ ಕೀ ಕೂರುವ ಸಣ್ಣ ತೋಡು ಕೊರೆಯಲೆಂದು ಅವನು ಹಳೆಯ ಮಿಲ್ಲಿಂಗ್ ಮಷೀನೊಂದನ್ನು ತಂದಿದ್ದಾನೆ. ಹೆಸರಿನ ಪಟ್ಟಿ ಪೂರ್ತಿ ಸವೆದಿದೆ.

“ಎಚ್‌ಎಂಟಿ ಆಗಿದ್ದರೆ ಇಷ್ಟು ಕಡಿಮೆಗೆ ಸಿಗ್ತಿತ್ತಾ ಮಾವ?” ಎಂದ.

“ಅವರು ವಾಚಲ್ಲವಾ ಮಾಡಿದ್ದು?”

1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಂಪನಿ ಮೊದಲು ಮಾಡಿದ್ದು ಲೇತು, ವಾಚು ಬಂದದ್ದು 1961ರಲ್ಲಿ ಎಂದು ಅವನಿಂದಲೇ ತಿಳಿಯಿತು. ನನ್ನ ಮದುವೆಯ ವಾಚಿಗೆ ಅಷ್ಟು ದಪ್ಪದ ಅಣ್ಣಂದಿರು ಇದ್ದಾರೆಂದು ಗೊತ್ತೇ ಇರಲಿಲ್ಲ.

ಈಗ ಕೈಕೊಟ್ಟದ್ದು ಪವರ್ ಫೀಡ್. ಟೇಬಲ್ಲನ್ನು ಕಟ್ಟರಿನ ಕೆಳಗೆ ಒಂದೇ ಹದದಲ್ಲಿ ತಾನಾಗಿ ಸರಿಸುವುದು ಅದರ ಕೆಲಸ. ಮೋಟಾರು ತಿರುಗುತ್ತಿತ್ತು, ಗೇರ್ ಬಾಕ್ಸಿನೊಳಗೆ ‘ಕಟಕಟ’, ಟೇಬಲ್ ಮಾತ್ರ ಇದ್ದಲ್ಲೇ ಇತ್ತು. “ಮೋಟಾರು ಹೋಯ್ತು” ಎಂದು ತೀರ್ಪು ಕೊಟ್ಟೆ. ಅವನು ಉತ್ತರಿಸಲಿಲ್ಲ. ಸ್ವಿಚ್ಚು ಆರಿಸಿ ಹ್ಯಾಂಡಲ್ ಹಿಡಿದು ತಿರುಗಿಸಿದ. ಟೇಬಲ್ ಸಲೀಸಾಗಿ ಜಾರಿತು. ಆಚೆಯದೂ ಸರಿ, ಈಚೆಯದೂ ಸರಿ, ಕಿತಾಪತಿ ನಡುವಿನವನದು.

ಗೇರ್ ಬಾಕ್ಸ್ ಬಿಚ್ಚಿದರೆ ಗ್ರೀಸು ಹಳೆಯ ಜೋನಿಬೆಲ್ಲದಂತೆ ಕರ್ರಗೆ ಗಟ್ಟಿಯಾಗಿತ್ತು. ಅದರೊಳಗೆ ಕಂಚಿನ ಚೂರುಗಳು ಮಿನುಗುತ್ತಿದ್ದವು. 40 ಹಲ್ಲಿನ ಗೇರಿನಲ್ಲಿ ಮೂರು ಹಲ್ಲು ಮಾಯ. ಅಳಿಯ ಮಾತ್ರ ಬೆಂಕಿಕಡ್ಡಿ ದಪ್ಪದ ಒಂದು ಪಿನ್ನನ್ನೇ ದಿಟ್ಟಿಸುತ್ತಿದ್ದ.

“ಪಿನ್ನು ತುಂಡಾಗಲೇ ಇಲ್ಲ.”

“ಒಳ್ಳೆಯದೇ ಆಯ್ತಲ್ಲ?”

“ಅದೇ ರೋಗ ಮಾವ.”

ಟೇಬಲ್ ಎಲ್ಲಾದರೂ ಸಿಕ್ಕಿಕೊಂಡರೆ ಮೊದಲು ತುಂಡಾಗಬೇಕಾದದ್ದು ಮೆತ್ತಗಿನ ಹಿತ್ತಾಳೆ ಪಿನ್ನು. ಅದು ಹೋದರೆ ಗೇರು ಬದುಕುತ್ತದೆ. ಪದೇ ಪದೇ ತುಂಡಾಗುತ್ತದೆಂದು ಬೇಸತ್ತು ಹಿಂದಿನ ಯಜಮಾನ ಯಾರೋ ಅಲ್ಲಿಗೆ ಉಕ್ಕಿನ ಮೊಳೆ ಹೊಡೆದಿದ್ದ.

ನಾನು ಗಪ್‌ಚುಪ್. ಒಂದು ಮಾರ್ಚಿನಲ್ಲಿ ವೋಲ್ಟೇಜು ಇಳಿದು ಪಂಪಿನ ಫ್ಯೂಸು ದಿನಕ್ಕೆ ಮೂರು ಸಲ ಹೋಗುತ್ತಿತ್ತು. ನಾನು ಬುದ್ಧಿವಂತ, ದಪ್ಪ ತಾಮ್ರದ ತಂತಿ ಸುತ್ತಿದೆ. ಫ್ಯೂಸು ಮತ್ತೆ ಹೋಗಲಿಲ್ಲ. ನಾಲ್ಕನೇ ದಿನ ಮೋಟಾರಿನ ವೈಂಡಿಂಗೇ ಹೋಯಿತು. ತೋಟ ಎರಡು ವಾರ ಬಾಯಿಬಿಟ್ಟಿತು. ಆ ‘ಹಿಂದಿನ ಯಜಮಾನ’ನನ್ನು ಬೈಯುವ ಹಕ್ಕು ನನಗಿರಲಿಲ್ಲ.

ಹೊಸ ಗೇರು ಕೊರೆಯಲು ಮಿಲ್ಲಿಂಗ್ ಮಷೀನೇ ಬೇಕು, ಇದ್ದದ್ದು ಇದೊಂದೇ. ಕಂಚಿನ ಬಿಲ್ಲೆಯನ್ನು ಡಿವೈಡಿಂಗ್ ಹೆಡ್ಡಿಗೆ ಕಚ್ಚಿಸಿದ. ಅದರ ಹಿಡಿಯನ್ನು 40 ಸುತ್ತು ತಿರುಗಿಸಿದರೆ ಬಿಲ್ಲೆ ಒಂದು ಸುತ್ತು ಬರುತ್ತದಂತೆ. 40 ಹಲ್ಲಿಗೆ ಹಲ್ಲಿಗೊಂದು ಸುತ್ತು, ಲೆಕ್ಕ ಸುಲಭ. ಟೇಬಲ್ ಸರಿಸುವವರು ಯಾರು?

“ಮಾವ, ಇವತ್ತು ನೀವೇ ಪವರ್ ಫೀಡ್.”

ಹ್ಯಾಂಡಲ್ ಹಿಡಿದೆ. ಹತ್ತು ಹಲ್ಲಿನವರೆಗೆ ಉತ್ಸಾಹ, ಇಪ್ಪತ್ತರವರೆಗೆ ಮಾನ. ಇಪ್ಪತ್ತಮೂರನೆಯದಕ್ಕೆ ಹೆಗಲು ‘ಕಟಕ್’ ಎಂದಿತು.

“ಎಂತಾಯ್ತು?”

“ಪಿನ್ನು ತುಂಡಾಯ್ತು ಮಾರಾಯ.”

ಅಳಿಯ ನಕ್ಕು ಹ್ಯಾಂಡಲ್ ತೆಗೆದುಕೊಂಡ. “ಹಿತ್ತಾಳೆಯದೇ ಹಾಕಿದ್ದು ಒಳ್ಳೆಯದಾಯ್ತು. ಗೇರು ಉಳಿಯಿತು.”