ಬೋರ್ಡು ಹೋಯಿತು, ಗದ್ದೆ ಬಂತು

ಕೊಂಡಪಲ್ಲಿಯಲ್ಲಿ ಕರೆಂಟಿಗೆ ಬರ ಎಂದು ಯಾರೂ ದೂರುವಂತಿಲ್ಲ. ಪಕ್ಕದಲ್ಲೇ ಇಬ್ರಹೀಂಪಟ್ಟಣ, ಅಲ್ಲಿ ನಾರ್ಲ ತಾತಾರಾವ್ ಹೆಸರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚಿಮಣಿಗಳು ಆಕಾಶಕ್ಕೆ ಮುಖಮಾಡಿ ನಿಂತಿವೆ. ಲಕ್ಷಗಟ್ಟಲೆ ವೋಲ್ಟು ಹೊರಡುವ ಜಾಗದ ಬುಡದಲ್ಲೇ ಇದ್ದುಕೊಂಡು ನಮ್ಮ ಮನೆಯ ಹಾರ್ಡ್ ಡಿಸ್ಕು ಬರೀ ಹತ್ತೊಂಬತ್ತು ವೋಲ್ಟಿಗೆ ಪ್ರಾಣ ಬಿಟ್ಟಿತು.

ಬಿಡಿಸಿದವನು ನನ್ನ ಹೆಂಡತಿಯ ತಮ್ಮ. ಡಿಸ್ಕಿನ ಡಬ್ಬಿಗೆ ಬೇಕಾದದ್ದು 12 ವೋಲ್ಟಿನ ಅಡಾಪ್ಟರ್. ಅವನ ಕೈಗೆ ಸಿಕ್ಕಿದ್ದು ಲ್ಯಾಪ್‌ಟಾಪಿನ 19 ವೋಲ್ಟಿನ ಚಾರ್ಜರ್. ಮೂತಿ ಸರಿಯಾಗಿ ಕೂತಿತು. ಮೂತಿ ಕೂತ ಮೇಲೆ ಮಿಕ್ಕಿದ್ದೆಲ್ಲ ಕೂರುತ್ತದೆ ಎಂಬುದು ಅವನ ಜೀವನಸಿದ್ಧಾಂತ. ಟಪ್ ಎಂದಿತು, ಸುಟ್ಟ ವಾಸನೆ ಬಂತು. "ಹಳೇ ಡಿಸ್ಕು ಬಿಡಿ ಭಾವ, ಇವತ್ತಲ್ಲ ನಾಳೆ ಹೋಗ್ತಿತ್ತು" ಎಂದು ಕಾಫಿ ಕುಡಿದು ರಾತ್ರಿಯ ರೈಲಿಗೆ ಬೆಂಗಳೂರಿಗೆ ಹೊರಟುಬಿಟ್ಟ.

ಒಳಗಿದ್ದದ್ದು ಮಗಳ ಮದುವೆಯ ಫೋಟೋ, ಮೊಮ್ಮಗನ ಮೊದಲ ಹೆಜ್ಜೆ, ನಮ್ಮ ತಂದೆ ಗಮಕ ಓದಿದ ಧ್ವನಿ. ಹೀಗೆಂದು ನಾವು ಎಲ್ಲರಿಗೂ ಹೇಳಿಕೊಂಡು ತಿರುಗಿದೆವು. ಅಷ್ಟು ವರ್ಷ ಅದನ್ನು ಯಾರೂ ತೆರೆದು ನೋಡಿರಲಿಲ್ಲ ಎಂಬುದನ್ನು ಹೇಳಲಿಲ್ಲ.

ಅದು 2024ರ ಸೆಪ್ಟೆಂಬರ್. ಒಂದನೇ ತಾರೀಕಿನ ಹೊತ್ತಿಗೆ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರದ ಮನೆಗಳಿಗೆ ನುಗ್ಗಿತ್ತು. ರಿಪೇರಿ ಅಂಗಡಿಯಲ್ಲಿ ಕೆಸರು ಮೆತ್ತಿದ ಟೀವಿ, ಮಿಕ್ಸಿ, ಕಂಪ್ಯೂಟರುಗಳ ಗುಡ್ಡೆ. ನೀರು ಕುಡಿದ ಡಿಸ್ಕಿಗೆ ಕರೆಂಟು ಕೊಡಬೇಡಿ ಎಂದು ಹೇಳಿ ಹೇಳಿ ಹುಡುಗನ ಗಂಟಲು ಕಟ್ಟಿತ್ತು. ಮನೆಗೆ ನೀರು ನುಗ್ಗಿದವರ ನಡುವೆ ಒಣ ಡಿಸ್ಕು ಹಿಡಿದುಕೊಂಡು ನಿಲ್ಲಲು ನನಗೇ ನಾಚಿಕೆ. ಅವನು ನಕ್ಷತ್ರತಲೆಯ ಸ್ಕ್ರೂಗಳನ್ನು ಬಿಚ್ಚಿ, ಡಿಸ್ಕಿನ ಹೊಟ್ಟೆಯಡಿಯ ಹಸಿರು ಬೋರ್ಡು ತೆಗೆದು ನೋಡಿ, "ಕಾಲಿಪೋಯಿಂದಿ ಸಾರ್" ಎಂದ. ಸುಟ್ಟುಹೋಗಿದೆ.

ಬೋರ್ಡಿನ ಮೇಲೆ ಟಿವಿಎಸ್ ಡಯೋಡ್ ಎಂಬ ಸಣ್ಣ ಕಾವಲುಗಾರರಿರುತ್ತಾರಂತೆ. 5 ವೋಲ್ಟಿನ ದಾರಿಗೊಬ್ಬ, 12 ವೋಲ್ಟಿನ ದಾರಿಗೊಬ್ಬ. ವೋಲ್ಟೇಜು ಹೆಚ್ಚಾಗಿ ಬಂದರೆ ಇವರು ತಾವೇ ಶಾರ್ಟ್ ಆಗಿ ಸತ್ತು ಒಳಗಿನವರನ್ನು ಉಳಿಸುತ್ತಾರೆ. ಎಷ್ಟೋ ಸಲ ಸತ್ತ ಕಾವಲುಗಾರನನ್ನು ಕಿತ್ತು ಸರಿಯಾದ ಅಡಾಪ್ಟರ್ ಹಾಕಿದರೆ ಸಾಕು, ಡಿಸ್ಕು ಎದ್ದು ಕೂರುತ್ತದೆ. ನಮ್ಮದರಲ್ಲಿ ಕಾವಲುಗಾರನೂ ಸತ್ತಿದ್ದ, ಮೋಟಾರು ತಿರುಗಿಸುವ ಚಿಪ್ಪಿನಲ್ಲೂ ತೂತು. ಒಳಗಿನ ತಟ್ಟೆಗಳಿಗೆ ಏನೂ ಆಗಿಲ್ಲ, ಬೇರೆ ಬೋರ್ಡು ಸಿಕ್ಕರೆ ನೋಡೋಣ ಎಂದು ಹುಡುಗ ಸುಟ್ಟ ಬೋರ್ಡನ್ನು ಕವರಿಗೆ ಹಾಕಿ ನನ್ನ ಕೈಗೇ ಕೊಟ್ಟ.

ಅಪರಾಧಪ್ರಜ್ಞೆಯೋ ಅಕ್ಕನ ಫೋನೋ, ಭಾವಮೈದ ಬೆಂಗಳೂರಿನ ಎಸ್.ಪಿ. ರೋಡೆಲ್ಲ ಅಲೆದು ಒಂದು ಬೋರ್ಡು ಕಳಿಸಿದ. ಅದೇ ಕಂಪನಿ, ಅದೇ ಮಾಡೆಲ್, ಅಷ್ಟೇ ಟಿಬಿ. ರಿಪೇರಿ ಹುಡುಗ ತಿರುಗಿಸಿ ನೋಡಿ ಪಕ್ಕಕ್ಕಿಟ್ಟ. ಮೇಲಿನ ಲೇಬಲ್ ಅಲ್ಲ, ಬೋರ್ಡಿನ ಮೈಮೇಲೆ ಅಚ್ಚಾದ ನಂಬರು ಹೊಂದಬೇಕಂತೆ. ಕೊನೆಗೆ ವಿಶಾಖಪಟ್ಟಣದ ಅವನ ಸ್ನೇಹಿತನ ಬಳಿ ನಂಬರು ಹೊಂದುವ ಬೋರ್ಡು ಸಿಕ್ಕಿತು. ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರೊಬ್ಬರ ಜೇಬಿನಲ್ಲಿ ಕೂತು ವಿಜಯವಾಡಕ್ಕೆ ಬಂತು. ಹಾಕಿದ. ಡಿಸ್ಕು ತಿರುಗಿತು! ನಾನು ಕೈಮುಗಿಯುವಷ್ಟರಲ್ಲಿ ಟಕ್, ಟಕ್, ಟಕ್ ಎಂದು ಬಡಿದುಕೊಂಡು ನಿಂತಿತು.

"ಪಾತ ಬೋರ್ಡು ಏದಿ ಸಾರ್?" ಎಂದ ಹುಡುಗ. ಹಳೇ ಬೋರ್ಡು ಎಲ್ಲಿ?

ಇದರ ಕಾರಣ ನನಗೆ ಅರ್ಥವಾದದ್ದು ಪಕ್ಕದ ಮನೆಯ ಬೊಮ್ಮೆ ಮಾಡುವ ತಾತನಿಂದ. ಚನ್ನಪಟ್ಟಣದ ಗೊಂಬೆ ಲೇತಿನಲ್ಲಿ ತಿರುಗಿ ಬರುವಂಥದು. ಒಂದು ಗಾಡಿಯ ಚಕ್ರ ಇನ್ನೊಂದಕ್ಕೆ ಹೆಚ್ಚುಕಡಿಮೆ ಕೂರುತ್ತದೆ. ಕೊಂಡಪಲ್ಲಿಯದು ಹಾಗಲ್ಲ. ತೆಲ್ಲ ಪೊಣಿಕಿ ಎಂಬ ಹಗುರ ಮರವನ್ನು ಕೈಯಲ್ಲೇ ಕೆತ್ತಿ, ಕೈಕಾಲು ಬೇರೆಬೇರೆ ಮಾಡಿ, ಹುಣಸೆಬೀಜದ ಪುಡಿಗೆ ಮರದ ಪುಡಿ ಕಲಸಿದ 'ಮಕ್ಕು' ಹಾಕಿ ಅಂಟಿಸುತ್ತಾರೆ. ಒಂದು ಅಂಬಾರಿ ಆನೆಯ ಸೊಂಡಿಲು ಇನ್ನೊಂದಕ್ಕೆ ಕೂರಿಸಿದರೆ ಆನೆ ಬೇರೆ ಕಡೆ ನೋಡುತ್ತದೆ. ಡಿಸ್ಕುಗಳೂ ಒಂದು ಕಾಲದಲ್ಲಿ ಚನ್ನಪಟ್ಟಣದವೇ ಆಗಿದ್ದವು, ಬೋರ್ಡು ಬದಲಿಸಿದರೆ ಓಡುತ್ತಿದ್ದವು. ಈಗಿನವು ಕೊಂಡಪಲ್ಲಿಯವು. ಓದುವ ತಲೆ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹಾರುತ್ತದೆ. ಯಾವ ತಲೆಗೆ ಎಷ್ಟು ತಿದ್ದುಪಡಿ ಬೇಕೆಂದು ಕಾರ್ಖಾನೆಯಲ್ಲಿ ಡಿಸ್ಕು ಡಿಸ್ಕಿಗೂ ಅಳೆದು ಬೋರ್ಡಿನ ಮೇಲಿನ ಎಂಟು ಕಾಲಿನ ಒಂದು ರಾಮ್ (ಆರ್-ಒ-ಎಂ) ಚಿಪ್ಪಿನಲ್ಲಿ ಬರೆದಿಡುತ್ತಾರೆ. ಆ ಚಿಪ್ಪನ್ನು ಹಳೇ ಬೋರ್ಡಿನಿಂದ ಕಿತ್ತು ಹೊಸದಕ್ಕೆ ಬೆಸುಗೆ ಹಾಕಬೇಕು. ತಾತ ಎಲ್ಲ ಕೇಳಿ, "ಸ್ವಲ್ಪ ಮಕ್ಕು ಕೊಡಲೇ?" ಎಂದರು.

ಹಳೇ ಬೋರ್ಡು ಮನೆಯಲ್ಲೇ ಇತ್ತು. ಇದ್ದ ಜಾಗ ಮಾತ್ರ ಅಡ್ಡಿಯದು. ಈ ಕಡೆ ಬಹಳ ಮನೆಗಳಲ್ಲಿ ಬೊಮ್ಮಲ ಕೊಲುವು ಸಂಕ್ರಾಂತಿಗೆ. ನಾವು ಮೈಸೂರು ಕಡೆಯವರು, ದಸರೆಗೇ ಗೊಂಬೆ ಕೂರಿಸುವುದು. ಮೂರನೇ ಮೆಟ್ಟಿಲಲ್ಲಿ ಮೊಮ್ಮಗ ಹಳ್ಳಿ ಮಾಡಿದ್ದ. ಎತ್ತಿನಗಾಡಿ, ನೀರು ಹೊರುವವಳು, ತಾಳೆಮರ, ಮಧ್ಯೆ ಹಸಿರು ಗದ್ದೆ. ಗದ್ದೆಯ ಮೇಲೆ ಹೊಲ ಉಳುವ ರೈತ. ಗದ್ದೆಯೇ ನಮ್ಮ ಬೋರ್ಡು.

"ಎತ್ಕೋತೀನಿ ಕಣೇ" ಎಂದೆ. "ಪಟ್ಟದ ಗೊಂಬೆ ಕೂತ ಮೇಲೆ ದಶಮಿವರೆಗೂ ಒಂದು ಕಡ್ಡಿ ಕದಲಿಸೋ ಹಾಗಿಲ್ಲ ರೀ" ಎಂದಳು. ಡಿಸ್ಕಿನಲ್ಲಿ ಅವಳ ಮಗಳ ಮದುವೆಯೇ ಇತ್ತು. ಆದರೂ ಶಾಸ್ತ್ರ ಶಾಸ್ತ್ರವೇ. ರಿಪೇರಿ ಹುಡುಗನೂ ಸಿಗುವಂತಿರಲಿಲ್ಲ. ಇಂದ್ರಕೀಲಾದ್ರಿಯಲ್ಲಿ ಕನಕದುರ್ಗಮ್ಮನ ಕ್ಯೂನಲ್ಲಿದ್ದ.

ಆ ದಿನಗಳಲ್ಲಿ ನಾನು ಧೈರ್ಯಕ್ಕೆ ಕೊಲಂಬಿಯಾ ನೌಕೆಯ ಕತೆ ಹೇಳಿಕೊಳ್ಳುತ್ತಿದ್ದೆ. ಕಲ್ಪನಾ ಚಾವ್ಲಾ ಇದ್ದ ಆ ನೌಕೆ 2003ರ ಫೆಬ್ರುವರಿ 1ರಂದು ಆಕಾಶದಲ್ಲೇ ಚೂರಾಯಿತು. ಅವಶೇಷಗಳಲ್ಲಿ ಸಿಕ್ಕ ಒಂದು ಡಿಸ್ಕಿನ ಬೋರ್ಡು ಗುರುತು ಸಿಗದಷ್ಟು ಸುಟ್ಟಿತ್ತು. ತಜ್ಞರು ತಟ್ಟೆಗಳನ್ನು ಬೇರೆ ಡಿಸ್ಕಿಗೆ ಹಾಕಿ, ಜೆನಾನ್ ಅನಿಲದ ಪ್ರಯೋಗದ ಮಾಹಿತಿಯಲ್ಲಿ ಸುಮಾರು ಶೇ. 99ರಷ್ಟನ್ನು ತೆಗೆದರು, ಆ ಪ್ರಯೋಗದ ಪ್ರಬಂಧ 2008ರಲ್ಲಿ ಪ್ರಕಟವಾಯಿತು. ಹೆಂಡತಿ ಕೇಳಿ, "ಅವರ ಮನೇಲಿ ಗೊಂಬೆ ಕೂರಿಸ್ತಿರಲಿಲ್ಲ" ಎಂದಳು.

ವಿಜಯದಶಮಿ ರಾತ್ರಿ ಗೊಂಬೆಗಳನ್ನು ಮಲಗಿಸಿದ ಮೇಲೆ ಬೋರ್ಡು ಬಿಡುಗಡೆಯಾಯಿತು. ಆಯುಧಪೂಜೆಯ ದಿನ ಯಂತ್ರದ ಸಾಮಾನೆಂದು ಅದಕ್ಕೂ ಅರಿಶಿನ ಕುಂಕುಮ ಬಿದ್ದಿತ್ತು. ಹುಡುಗ ಸ್ಪಿರಿಟ್ಟಿನಲ್ಲಿ ಕುಂಕುಮ ಒರೆಸಿ, ಬಿಸಿಗಾಳಿ ಬಿಟ್ಟು ಚಿಪ್ಪನ್ನು ಚಿಮಟದಲ್ಲಿ ಎತ್ತಿ, ಹೊಸ ಬೋರ್ಡಿನ ಮೇಲೆ ಕೂರಿಸಿದ. ಅಷ್ಟು ಹೊತ್ತು ಅವನು ಉಸಿರಾಡಿದ್ದನ್ನು ನಾನು ನೋಡಲಿಲ್ಲ. ಕರೆಂಟು ಕೊಟ್ಟ. ಟಕ್ ಇಲ್ಲ. ಸ್ಕ್ರೀನಿನ ಮೇಲೆ ಫೋಲ್ಡರುಗಳು ಸಾಲಾಗಿ ಬಂದವು. ಅವನು ಕೇಳಿದ ಹಣ ನಮ್ಮ ಕೊರಿಯರ್ ಖರ್ಚಿಗಿಂತ ಅಷ್ಟೇನೂ ಹೆಚ್ಚಿರಲಿಲ್ಲ. ಇಷ್ಟು ಕೈಚಳಕಕ್ಕೆ ಅಷ್ಟೇ ಬೆಲೆ ಎಂಬುದು ನನಗಂತೂ ಅನ್ಯಾಯವೆನಿಸಿ ದುಪ್ಪಟ್ಟು ಕೊಟ್ಟೆ.

ಮದುವೆ ಸಿಕ್ಕಿತು. ತಂದೆಯ ಗಮಕವೂ ಸಿಕ್ಕಿತು, ನಡುನಡುವೆ ಕುಕ್ಕರಿನ ಕೂಗಿನ ಸಮೇತ. ಉಳಿದಂತೆ ಹೇಳುವುದಾದರೆ, ಒಂದೇ ಊಟದೆಲೆಯ ನೂರಾರು ಫೋಟೋ, ಯಾರದೋ ಹೆಬ್ಬೆರಳು, ಮತ್ತು 'ನ್ಯೂ ಫೋಲ್ಡರ್' ಎಂಬ ಹೆಸರಿನ ಫೋಲ್ಡರಿನೊಳಗೆ ಅದೇ ಹೆಸರಿನ ಇನ್ನೊಂದು. "ನಾನು ಸುಟ್ಟಿದ್ದಕ್ಕೇ ಅಲ್ವಾ ಭಾವ, ಒಳಗೇನಿದೆ ಅಂತ ನೀವು ನೋಡಿದ್ದು" ಎಂದ ಭಾವಮೈದ ಫೋನಿನಲ್ಲಿ. ಈಗ ಎಲ್ಲದಕ್ಕೂ ಇನ್ನೊಂದು ಪ್ರತಿ ಮಗಳ ಮನೆಯಲ್ಲಿದೆ.

ಓದುಗರಲ್ಲಿ ಒಂದೇ ಕೋರಿಕೆ. ಮನೆಯ ಚಾರ್ಜರುಗಳ ಮೇಲೆ ಅವು ಯಾವುದರವು ಎಂದು ಚೀಟಿ ಅಂಟಿಸಿ. ಡಿಸ್ಕಿನ ಬೋರ್ಡು ಸುಟ್ಟರೆ ಅದನ್ನು ಮಾತ್ರ ಗುಜರಿಯವನಿಗೆ ಹಾಕಬೇಡಿ. ಗದ್ದೆ ಮಾಡಿಟ್ಟರೂ ಪರವಾಗಿಲ್ಲ.