ಗಲ್ಫ್ ಅಣ್ಣನ ‘ಇನ್ನೆರಡು ವರ್ಷ’

ಕಲ್ಯಾಣಪುರದ ಯಾವ ವಾರ್ಡಿಗೆ ಹೋದರೂ ಒಬ್ಬ ಗಲ್ಫ್ ಅಣ್ಣ ಸಿಕ್ಕೇ ಸಿಗುತ್ತಾನೆ. ಅವನು ಕ್ರೈಸ್ತನಿರಬಹುದು, ಬ್ಯಾರಿಯಿರಬಹುದು, ಬಿಲ್ಲವನೋ ಮೊಗವೀರನೋ ಇರಬಹುದು. ರಜೆಯಲ್ಲಿ ಬಂದಾಗ ಎಲ್ಲರದೂ ಒಂದೇ ಜಾತಿ. ಮೈತುಂಬ ಅತ್ತರು, ಕಾಲಿಗೆ ಬೆಳ್ಳಗಿನ ಶೂ. ಸಂತೆಕಟ್ಟೆಯಲ್ಲಿ ಬಂಗುಡೆಯ ಕ್ರಯ ಕೇಳಿದ ಕೂಡಲೇ ತುಟಿ ಅಲ್ಲಾಡುತ್ತದೆ. ರೂಪಾಯಿಯನ್ನು ದಿರ್ಹಮಿಗೆ ಭಾಗಿಸುತ್ತಿದ್ದಾನೆ ಎಂದರ್ಥ. ಮೀನು ಮಾರುವ ಅಕ್ಕನಿಗೂ ಆ ಲೆಕ್ಕ ಗೊತ್ತು. ಅವಳು ಕ್ರಯವನ್ನು ಮೊದಲೇ ಗುಣಿಸಿಟ್ಟಿರುತ್ತಾಳೆ.

ಊರಿನ ಬಗ್ಗೆ ಅವನ ದೂರು ಒಂದೆರಡಲ್ಲ. “ದುಬೈ ಮೆಟ್ರೊ ನೋಡಿ, 2009ರ ಸೆಪ್ಟೆಂಬರ್ 9ಕ್ಕೆ ಅಂತ ತಾರೀಕು ಹೇಳಿದರು, ಅದೇ ದಿನ ಓಡಿಸಿದರು. ಇಲ್ಲಿ ಹೆದ್ದಾರಿ 66ರಲ್ಲಿ ಒಂದು ಅಂಡರ್‌ಪಾಸ್ ಮಾಡ್ಲಿಕ್ಕೆ ಎಷ್ಟು ಮಳೆಗಾಲ ಬೇಕು ಮಾರಾಯ್ರೆ?” ಈ ಪ್ರಶ್ನೆಗೆ ಸಂತೆಕಟ್ಟೆಯಲ್ಲಿ ಯಾರ ಹತ್ತಿರವೂ ಉತ್ತರ ಇಲ್ಲ. ಕರೆಂಟು ಹೋದರೆ ಐದು ನಿಮಿಷಕ್ಕೆ “ಉಸ್ಸಪ್ಪಾ” ಎನ್ನುತ್ತಾನೆ.

ಅದೇ ಬಾಯಿ ಅಲ್ಲಿನ ಕಷ್ಟಕ್ಕೆ ಮಾತ್ರ ಚಂದದ ಬಣ್ಣ ಹಚ್ಚುತ್ತದೆ. ಒಂದು ಕೋಣೆಯಲ್ಲಿ ಎಂಟು ಮಂದಿ, ಮೇಲೊಂದು ಕೆಳಗೊಂದು ಮಂಚ. ಅಮ್ಮನಿಗೆ ಅದು “ರೂಮಿನಲ್ಲಿ ಒಳ್ಳೆ ಕಂಪೆನಿ ಉಂಟು”. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲು ಬಿಸಿಲಿನಲ್ಲಿ ದುಡಿಸಬಾರದೆಂದು ಕಾನೂನಿದೆ. ಆ ಹೊತ್ತಿಗೆ ಹೊರಗೆ ನಿಂತರೆ ಮನುಷ್ಯ ಬೀಳುತ್ತಾನೆ, ಅದಕ್ಕೇ ಕಾನೂನು. ಅಮ್ಮನಿಗೆ ತಲುಪಿದ ಸುದ್ದಿ: “ಮಧ್ಯಾಹ್ನದ ನಿದ್ದೆಗೆ ಅಲ್ಲಿ ಸರಕಾರವೇ ರಜೆ ಕೊಡ್ತದೆ.” ಅಮ್ಮ ಅದನ್ನು ನೆರೆಮನೆಗೆ ಹೇಳಿ ಬರುತ್ತಾಳೆ. ನಂಬಿದ್ದಾಳೆಯೇ? ನಂಬಿದ ಹಾಗೆ ಮಾಡುವುದರಲ್ಲಿ ಅವಳು ಮಗನಿಗಿಂತ ಜಾಣೆ.

ಗಡಿಯಾರದ್ದು ಬೇರೆಯೇ ಪಂಚಾಯಿತಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಮಿಲಾಗ್ರಿಸ್ ಕೆಥೆಡ್ರಲಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಮಾವನ ಅಂತ್ಯಕ್ರಿಯೆ ಎಂದರೆ ಅಲ್ಲಿ ಎಂಟೂವರೆ, ಕೆಲಸ ಶುರುವಾಗಿರುತ್ತದೆ. ಒಬ್ಬ ಅಣ್ಣನಿಗೆ ಹಾಗೇ ಆಯಿತು, ರಜೆ ಸಿಗಲಿಲ್ಲ. ಸ್ಟೋರ್ ರೂಮಿನಲ್ಲಿ ರಟ್ಟಿನ ಪೆಟ್ಟಿಗೆಗೆ ಮೊಬೈಲ್ ಒರಗಿಸಿ, ಸಮವಸ್ತ್ರದಲ್ಲೇ ನಿಂತು ಲೈವ್ ನೋಡಿದ. ಈಗ ಕೇಳಿದರೆ, “ಇಲ್ಲಿದ್ದಿದ್ದರೆ ಹಿಂದೆಲ್ಲೋ ನಿಲ್ಲಬೇಕಿತ್ತು. ಅಲ್ಲಿ ನನಗೆ ಎದುರಿನ ಸೀಟೇ ಸಿಕ್ಕಿತು” ಎಂದು ನಗಿಸುತ್ತಾನೆ.

ಕಷ್ಟವನ್ನು ನಗೆಯಾಗಿಸುವ ಈ ವಿದ್ಯೆ ಹಿರಿಯರಿಂದ ಬಂದದ್ದು; ಅವರ ದಾರಿ ಇನ್ನೂ ಕಷ್ಟದ್ದು. ಬಜ್ಪೆಯಿಂದ ದುಬೈಗೆ ನೇರ ವಿಮಾನ ಹಾರಿದ್ದು 2006ರಲ್ಲಿ. ಅದಕ್ಕೆ ಮೊದಲು ಬೊಂಬಾಯಿಯ ಬಸ್ಸು ಹತ್ತಿ, ಅಲ್ಲಿ ಪರಿಚಯದವರ ಕೋಣೆಯಲ್ಲಿ ವೀಸಾಕ್ಕೆ ಕಾದು ಹೋಗಬೇಕಿತ್ತು. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಲಕ್ಷಕ್ಕೂ ಹೆಚ್ಚು ಭಾರತೀಯರು ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ ವಿಮಾನಕ್ಕೆ ಕಾದರು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಆ ಕತೆಯನ್ನು ಮದುವೆ ಮನೆಗಳಲ್ಲಿ ಶಾಲೆಯ ಪ್ರವಾಸದ ಧಾಟಿಯಲ್ಲಿ ಹೇಳುವ ಹಿರಿಯರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಮತ್ತೆ ಕುವೈತಿಗೇ ಹೋದರು!

“ಇನ್ನೆರಡು ವರ್ಷ, ಮತ್ತೆ ಊರಿನಲ್ಲೇ ಏನಾದ್ರೂ ಮಾಡುವುದು” ಎಂಬುದು ಗಲ್ಫ್ ಅಣ್ಣನ ಶಾಶ್ವತ ಯೋಜನೆ. ಮನೆಗೆ ತಾರಸಿ ಆಗುವವರೆಗೆ ಒಂದು ‘ಎರಡು ವರ್ಷ’, ತಂಗಿಯ ಮದುವೆಗೆ ಇನ್ನೊಂದು, ಮಗನ ಮಣಿಪಾಲದ ಫೀಸಿಗೆ ಮತ್ತೆರಡು ಕಂತು. ಅಲ್ಲಿನ ಕಾನೂನೂ ಅವನನ್ನು ಬಿಡುವುದಿಲ್ಲ: ಗ್ರ್ಯಾಚುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಮೂಲವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಐದು ತುಂಬಿದವ ಆರನೆಯದನ್ನು ಬಿಟ್ಟು ಬರುತ್ತಾನೆಯೇ?

ಆದ್ದರಿಂದ ಒಂದು ಉಪಕಾರ ಮಾಡಿ. ಅವನು ದಾರಿಯಲ್ಲಿ ಸಿಕ್ಕಿದರೆ “ಯಾವಾಗ ಬಂದದ್ದು?” ಎಂದು ಕೇಳಿ, ಅಡ್ಡಿಯಿಲ್ಲ. ಅದರ ಬೆನ್ನಿಗೇ “ಯಾವಾಗ ವಾಪಸ್?” ಎಂದು ಕೇಳಬೇಡಿ; ವಿಮಾನ ಇಳಿದು ಮನೆಯ ಗೇಟು ತಲುಪುವಷ್ಟರಲ್ಲಿ ಹತ್ತು ಜನ ಕೇಳಿರುತ್ತಾರೆ. ಮನೆಗೆ ಕರೆದು ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಬಡಿಸಿ. ಅವನ ಪೆಟ್ಟಿಗೆಯಿಂದ ನಿಮ್ಮ ಪಾಲಿನ ಟೈಗರ್ ಬಾಮ್ ತಾನಾಗಿ ಬರುತ್ತದೆ.