ಊಟದ ಮೇಜಿನ ಫ್ರೆಂಚು

ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಳ್ಳುವ ಬೆಂಗಳೂರಿನ ಮಕ್ಕಳಿಗೆ ಆ ಭಾಷೆಯ ಮೇಲೆ ಮೋಹವೇನೂ ಇರುವುದಿಲ್ಲ. ಮೋಹವೆಲ್ಲ ಅಂಕದ ಮೇಲೆ. ನೂರಕ್ಕೆ 98 ಬಂದೂ ಬರುತ್ತದೆ. ಆ 98ನ್ನು ಫ್ರೆಂಚಿನಲ್ಲಿ ಹೇಳಪ್ಪ ಅಂದರೆ ಮಾತ್ರ ಪೀಕಲಾಟ. ಫ್ರೆಂಚರ ಲೆಕ್ಕದಲ್ಲಿ ಅದು ನಾಲ್ಕು ಇಪ್ಪತ್ತು, ಅದರ ಮೇಲೆ ಹತ್ತು, ಅದರ ಮೇಲೆ ಎಂಟು. ಪಕ್ಕದ ಬೆಲ್ಜಿಯಂನವರು ತೊಂಬತ್ತಕ್ಕೆ ಒಂದೇ ಪದ ಇಟ್ಟುಕೊಂಡು ಸುಖವಾಗಿದ್ದಾರೆ. ಆದರೆ ಫ್ರೆಂಚ್ ತಿದ್ದಿಕೊಳ್ಳಬೇಕೆನ್ನುವವರು ಸುಖವಿರುವಲ್ಲಿಗೆ ಹೋಗುತ್ತಾರೆಯೇ? ತೂರ್‌ಗೆ ಹೋಗುತ್ತಾರೆ.

ತೂರ್ ಅಂದರೆ ಲುವಾರ್ ನದಿಯ ದಂಡೆಯ ಊರು, ಬಾಲ್ಜಾಕ್ ಹುಟ್ಟಿದ ಊರು. ಅಲ್ಲಿಯದೇ ಅಚ್ಚ ಫ್ರೆಂಚು ಎಂಬ ಹೆಸರು ಹಿಂದಿನಿಂದಲೂ ಇದೆ. ಪರದೇಶದವರಿಗೆ ಫ್ರೆಂಚ್ ಹೇಳಿಕೊಡುವ ಶಾಲೆ ಅಲ್ಲಿ 1912ರಿಂದ ನಡೆಯುತ್ತಿದೆ. ನಾನಿದ್ದ ಮನೆಯ ಮದಾಮ್ ಈ ಕೀರ್ತಿಯನ್ನು ಸ್ವಂತ ಆಸ್ತಿಯಂತೆ ಕಾಪಾಡಿಕೊಂಡಿದ್ದರು. ಆದರೆ ಮೊಮ್ಮಗ ಬಾಯಿ ತೆರೆದರೆ ಮುಗಿಯಿತು: ‘ಫಾಮ್’ ತಿರುಗಿಸಿ ‘ಮಫ್’, ‘ಫೂ’ ತಿರುಗಿಸಿ ‘ಊಫ್’. ನಾವು ಚಿಕ್ಕಂದಿನಲ್ಲಿ ದೊಡ್ಡವರಿಗೆ ತಿಳಿಯದಿರಲೆಂದು ಆಡುತ್ತಿದ್ದ ‘ಕ’ ಭಾಷೆಯ ಥರವೇ. ಅಚ್ಚ ಫ್ರೆಂಚಿನ ಊರಿನಲ್ಲಿ ಮೊದಲು ನಾಲಿಗೆಗೆ ಹತ್ತಿದ್ದು ಅದು!

ಇನ್ನು ಹೋಸ್ಟ್ ಫ್ಯಾಮಿಲಿಯ ಏರ್ಪಾಡು. ಮಕ್ಕಳು ಬೆಳೆದು ಪ್ಯಾರಿಸ್ ಸೇರಿ ಖಾಲಿಯಾದ ಒಂದು ಕೋಣೆ, ಬೆಳಗಿನ ತಿಂಡಿ, ರಾತ್ರಿಯ ಊಟ. ಬೆಳಗ್ಗೆ ಹಿಡಿಯಿಲ್ಲದ ದೊಡ್ಡ ಬಟ್ಟಲಿನಲ್ಲಿ ಕಾಫಿ ಕೊಡುತ್ತಾರೆ, ಬೆಣ್ಣೆ ಸವರಿದ ಬ್ರೆಡ್ಡನ್ನು ಅದರಲ್ಲೇ ಅದ್ದಿ ತಿನ್ನುತ್ತಾರೆ. ಆ ಹೊತ್ತಿನಲ್ಲಿ ಯಾರಿಗೂ ಮಾತು ಬೇಡ. ಪಾಠ ಶುರುವಾಗುವುದು ರಾತ್ರಿ ಎಂಟಕ್ಕೆ, ಊಟದ ಮೇಜಿನಲ್ಲಿ.

ನಮ್ಮವರ ಗ್ರಹಚಾರವೂ ಅಲ್ಲೇ ಶುರು. ‘ಮಾತಾಡದೆ ಊಟ ಮಾಡು’ ಅಂತ ಬೈಸಿಕೊಂಡು ಬೆಳೆದ ಜನ ನಾವು. ಫ್ರೆಂಚರ ಮನೆಯಲ್ಲಿ ತಲೆ ತಗ್ಗಿಸಿ ಉಣ್ಣುವವನಿಗೆ ಒಂದೋ ಜ್ವರ, ಇಲ್ಲವೇ ಕೋಪ. ಅವರ ಊಟದ ಪದ್ಧತಿಯನ್ನು ಯುನೆಸ್ಕೊ 2010ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ತಿಂದದ್ದಕ್ಕಿಂತ ಆಡಿದ್ದನ್ನು ನೋಡಿಯೇ ಸೇರಿಸಿರಬೇಕು. ಎರಡೂ ಕೈ ಮೇಜಿನ ಮೇಲೆ ಕಾಣುವಂತಿರಬೇಕು, ಬ್ರೆಡ್ಡು ತಟ್ಟೆಯಲ್ಲಲ್ಲ, ಮೇಜುಬಟ್ಟೆಯ ಮೇಲೆ.

ಸಸ್ಯಾಹಾರಿ ಅಂತ ಮೊದಲೇ ಹೇಳಿದ್ದೆ. ‘ಗೊತ್ತು ಗೊತ್ತು, ಮಾಂಸ ಹಾಕಿಲ್ಲ’ ಎಂದು ಮದಾಮ್ ಕೀಶ್ ತಂದಿಟ್ಟರು. ಒಳಗೆ ಸಣ್ಣ ಸಣ್ಣ ಕೆಂಪು ಚೂರುಗಳು. ಇದೇನು ಅಂದರೆ, ‘ಅಯ್ಯೋ, ಅದು ಮಾಂಸವಲ್ಲ, ಲಾರ್ದೋಂ.’ ಹಂದಿಯದೇ, ಆದರೆ ರುಚಿಗೆಂದು ಹಾಕಿದ್ದಂತೆ. ನಮ್ಮಲ್ಲಿ ಒಗ್ಗರಣೆಗೆ ಇಂಗು ಹಾಕಿದವರು ಕೂಡ ಅಷ್ಟು ಮುಗ್ಧವಾಗಿ ಹೇಳಲಾರರು.

ಊಟವಾಗಿ, ಸಿಹಿ ಬರುವುದಕ್ಕೆ ಮುಂಚೆ ಚೀಸಿನ ಹಲಗೆ ಬರುತ್ತದೆ. ಆ ಸೀಮೆಯ ಹೆಮ್ಮೆ ಸ್ಯಾಂತ್ ಮೋರ್: ಮೇಕೆಯ ಹಾಲಿನದು, ಉದ್ದನೆಯ ಕೊರಡು, ಮೈಗೆಲ್ಲ ಬೂದಿ. ನಡುವೆ ಈ ತುದಿಯಿಂದ ಆ ತುದಿಗೆ ಒಂದು ಹುಲ್ಲುಕಡ್ಡಿ ತೂರಿಸಿರುತ್ತಾರೆ. ವಿಭೂತಿ ಗಟ್ಟಿಯೇ ಇರಬೇಕೆಂದುಕೊಂಡರೆ ತಪ್ಪಿಲ್ಲ. ಕಡ್ಡಿಯನ್ನು ಎಳೆದು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಬೇಕು. ಪಕ್ಕದಲ್ಲಿ ಮುಕ್ಕೋನದ ಬ್ರೀ ಇದ್ದರೆ ಅದರ ಮೂತಿ ಕತ್ತರಿಸಬಾರದು. ರುಚಿಯೆಲ್ಲ ಅಲ್ಲೇ ಇರುತ್ತದಂತೆ, ಒಬ್ಬರೇ ಲಪಟಾಯಿಸಿದರೆ ಉಳಿದವರು ಸುಮ್ಮನಿರುತ್ತಾರೆಯೇ?

ಈ ಕಟ್ಟುಪಾಡುಗಳ ನಡುವೆಯೇ ಮಾತು ನುಗ್ಗಬೇಕು. 2023ರಲ್ಲಿ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಕಾನೂನು ಬಂತಲ್ಲ, ಅದರ ಸುದ್ದಿ ತೆಗೆದರೆ ಸೂಪಿನಿಂದ ಸಿಹಿಯವರೆಗೂ ಜಗಳ. ನಾವೂ ಒಂದು ಅಭಿಪ್ರಾಯ ಎಸೆಯೋಣವೆಂದು ಕ್ರಿಯಾಪದದ ರೂಪ ಹುಡುಕಿ, ಬಾಲ ಸರಿಪಡಿಸಿ, ಬಾಯಿ ತೆರೆಯುವಷ್ಟರಲ್ಲಿ ಮೇಜು ಫುಟ್‌ಬಾಲಿಗೆ ಹೋಗಿಬಿಟ್ಟಿರುತ್ತದೆ. ಬುದ್ಧಿವಂತರು ಮೊದಲ ವಾರ ವ್ಯಾಕರಣಕ್ಕೆ ಕೈಹಾಕುವುದಿಲ್ಲ. ತುಟಿ ಉಬ್ಬಿಸಿ ಗಾಳಿ ಬಿಟ್ಟು ‘ಬಾಫ್’ ಅನ್ನುತ್ತಾರೆ. ಪಿಂಚಣಿ, ಅಧ್ಯಕ್ಷರು, ಹವಾಮಾನ, ಎಲ್ಲಕ್ಕೂ ಅದು ನಡೆಯುತ್ತದೆ.

ಧೈರ್ಯ ಮಾಡಿ ಒಂದು ವಾಕ್ಯ ಆಡಿದಿರೋ, ನಿಮ್ಮ ವಿಚಾರ ಹಾಗಿರಲಿ, ಲಿಂಗ ತಿದ್ದುತ್ತಾರೆ. ಚಾಕು ಗಂಡು, ಫೋರ್ಕು ಹೆಣ್ಣು, ಚಮಚವೂ ಹೆಣ್ಣು, ತಟ್ಟೆಯೂ ಹೆಣ್ಣು. ಕನ್ನಡದವರು ಜಡವಸ್ತುವನ್ನೆಲ್ಲ ನಪುಂಸಕಕ್ಕೆ ಹಾಕಿ ನೆಮ್ಮದಿಯಾಗಿದ್ದವರು. ಐದು ವರ್ಷದ ಮೊಮ್ಮಗಳೂ ‘ಲ ಅಲ್ಲ, ಲಾ’ ಅಂತ ಬೆರಳೆತ್ತುತ್ತಾಳೆ, ಸಂಬಳವಿಲ್ಲದ ಮೇಷ್ಟ್ರು!

ಇದನ್ನು ತಾಳಲಾರದವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಅದೇ ಊರಿನಲ್ಲಿ ಇನ್ನೊಬ್ಬ ಕನ್ನಡದವನನ್ನು ಪತ್ತೆಮಾಡಿ, ಶನಿವಾರ ಅವನ ಹಾಸ್ಟೆಲ್ಲಿನಲ್ಲಿ ಬಿಸಿಬೇಳೆಬಾತು. ಹುಬ್ಬಳ್ಳಿಯವನ ಸಹವಾಸ ಸಿಕ್ಕ ಮೈಸೂರು ಹುಡುಗ ಆರು ತಿಂಗಳ ಮೇಲೆ ಊರಿಗೆ ಬಂದು ‘ಏನ್ ಮಾಡಾಕತ್ತೀರಿ’ ಅಂದರೆ, ಖರ್ಚು ಮಾಡಿದ ಅಪ್ಪ ಯಾರನ್ನು ಕೇಳಬೇಕು?

ನನ್ನ ಅನುಭವದಲ್ಲಿ ಫ್ರೆಂಚ್ ಹರಿದದ್ದು ಊಟವಾದ ಮೇಲೆ, ಸಿಂಕಿನ ಹತ್ತಿರ. ಮದಾಮ್ ತೊಳೆಯುವುದು, ನಾನು ಬಟ್ಟೆ ಹಿಡಿದು ಒರೆಸುವುದು. ಒಂದು ರಾತ್ರಿ ಪಿಂಚಣಿ ಬಿಟ್ಟು ಸೊಸೆಯ ಕಡೆ ಮಾತು ಹೊರಳಿತು. ಅವಳು ಮಕ್ಕಳಿಗೆ ಡಬ್ಬದ ಸೂಪು ಕೊಡುತ್ತಾಳೆ, ಭಾನುವಾರ ಫೋನ್ ಮಾಡುವುದಿಲ್ಲ, ಮಗ ಇಳಿದುಹೋಗಿದ್ದಾನೆ. ನಾನು ಗಂಡು ಚಾಕನ್ನು ಹೆಣ್ಣು ಮಾಡಿದೆ, ಭೂತಕಾಲವನ್ನು ಭವಿಷ್ಯಕ್ಕೆ ಅಟ್ಟಿದೆ. ಮದಾಮ್ ಒಂದನ್ನೂ ತಿದ್ದಲಿಲ್ಲ. ನಡುನಡುವೆ ‘ಆ ಬೋಂ?’, ಅಂದರೆ ‘ಹೌದಾ?’, ಅಂದುಬಿಟ್ಟರೆ ಸಾಕು, ಇನ್ನೊಂದು ಕಾಲುಗಂಟೆ ಕಥೆ ಬರುತ್ತಿತ್ತು. ಮನೆ ಗೊತ್ತುಮಾಡುವ ಅರ್ಜಿಯಲ್ಲಿ ನಾಯಿ ಆಗುತ್ತದೆಯೇ, ಬೆಕ್ಕು ಆಗುತ್ತದೆಯೇ, ಸಿಗರೇಟು ಸೇದುತ್ತೀರಾ ಅಂತೆಲ್ಲ ಕೇಳುತ್ತಾರೆ. ಮನೆಯವರಿಗೆ ಸೊಸೆ ಇದ್ದಾಳೆಯೇ ಅನ್ನುವುದಕ್ಕೂ ಒಂದು ಕಾಲಂ ಇಟ್ಟರೆ ಅವರ ಗಂಟೇನು ಹೋಗುತ್ತದೆ?